ಚಿಂತೆಗೆ ಮದ್ದು

ಕಾಡಿನ ದಾರಿಯಲ್ಲಿ ಹುಲಿಯನ್ನು ಕಂಡವನ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಇದು ಭಯ. ಓಡುವುದಕ್ಕೋ ಎದುರಿಸಿ ನಿಲ್ಲುವುದಕ್ಕೋ ಬೇಕಾದ ಕಸುವನ್ನು ದೇಹವು ಕ್ಷಣಾರ್ಧದಲ್ಲಿ ಒಟ್ಟುಗೂಡಿಸಿಕೊಳ್ಳುವ ಬಗೆ ಇದು. ಆದರೆ ಹುಲಿಯ ಸುಳಿವೇ ಇಲ್ಲದ ಊರಿನಲ್ಲಿ, ಬಾಗಿಲು ಹಾಕಿದ ಮನೆಯೊಳಗೆ ಕುಳಿತವನಿಗೂ ಹೀಗೆಯೇ ಎದೆ ಹೊಡೆದುಕೊಂಡರೆ? ಅದೂ ದಿನಗಟ್ಟಲೆ, ತಿಂಗಳುಗಟ್ಟಲೆ? ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು ಕಾಯಿಲೆಯಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿಯೇ ಇಳಿದುಹೋಗುತ್ತದೆ. ಕಾರಣವಿಲ್ಲದೆ ಬಂದು, ಇಳಿಯದೆ ಉಳಿದು, ಊಟ ನಿದ್ದೆ ಕೆಲಸಗಳನ್ನು ಕೆಡಿಸುವ ಆತಂಕವೇ ಕಾಯಿಲೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತ ಬಂದಿರುವುದು ಇಂತಹ ಚಿಂತೆಯನ್ನು ಕುರಿತೇ ಇರಬೇಕು.

ಈ ಬೇನೆಗೆ ಮದ್ದನ್ನು ಮನುಷ್ಯನು ಬಹು ಹಿಂದಿನಿಂದಲೂ ಹುಡುಕಿದ್ದಾನೆ. ಮನಸ್ಸನ್ನು ಮಂಕಾಗಿಸುವ ವಸ್ತುಗಳಿಗೆ ಎಂದೂ ಬರವಿರಲಿಲ್ಲ. ಹೆಂಡವಿತ್ತು, ಅಫೀಮು ಇತ್ತು. ಚಿಂತೆಯನ್ನು ಕಳೆಯುವ ಭರದಲ್ಲಿ ಅವು ಎಚ್ಚರವನ್ನೂ ವಿವೇಕವನ್ನೂ ಕಳೆಯುತ್ತಿದ್ದವು. ಕಳೆಯನ್ನು ಮಾತ್ರ ಕಿತ್ತು ಪೈರನ್ನು ಉಳಿಸುವ ಕೈಚಳಕ ಯಾವ ಮದ್ದಿಗೂ ಇರಲಿಲ್ಲ. ಅಂತಹ ಮದ್ದಿನ ಶೋಧ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರು ನರಗಳ ತಳಮಳಕ್ಕೆ ಬ್ರೋಮೈಡ್ ಲವಣಗಳನ್ನು ಕೊಡುತ್ತಿದ್ದರು. ಬ್ರೋಮೈಡ್ ದೇಹದಿಂದ ಬಲು ನಿಧಾನವಾಗಿ ಹೊರಹೋಗುವ ವಸ್ತು. ದಿನವೂ ಸೇವಿಸಿದರೆ ನೆನ್ನೆಯದರ ಮೇಲೆ ಇಂದಿನದು ಕೂಡಿಕೊಂಡು, ಕೊನೆಗೆ ರೋಗಿಯ ಮೈಮೇಲೆ ಗುಳ್ಳೆಗಳೆದ್ದು, ಮಾತು ತೊದಲಿ, ಬುದ್ಧಿಭ್ರಮಣೆಯೇ ಆಗುತ್ತಿತ್ತು. ಅದರ ಸ್ಥಾನಕ್ಕೆ ಬಂದದ್ದು ಬಾರ್ಬಿಟುರೇಟ್ ಗುಂಪಿನ ಔಷಧಿಗಳು. ಜರ್ಮನಿಯ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು 1903ರಲ್ಲಿ ಇವುಗಳಲ್ಲಿ ಮೊದಲನೆಯದಾದ ವೆರೊನಾಲ್ ಎಂಬ ನಿದ್ರೌಷಧಿಯನ್ನು ಲೋಕಕ್ಕೆ ಕೊಟ್ಟರು. ನಿದ್ದೆಯೇನೋ ಬಂದಿತು. ಆದರೆ ನಿದ್ದೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವಿನ ಅಂತರ ಅತಿ ಕಿರಿದಾಗಿತ್ತು. ಮರೆತು ಎರಡನೆಯ ಸಲ ಗುಳಿಗೆ ನುಂಗಿದವರು ಮರುದಿನ ಏಳದೆ ಹೋದದ್ದುಂಟು. ಅಭ್ಯಾಸವಾದವರು ಅದನ್ನು ಥಟ್ಟನೆ ಬಿಟ್ಟರೆ ಮೂರ್ಛೆರೋಗದವರಂತೆ ಸೆಳೆತಕ್ಕೆ ಒಳಗಾಗುತ್ತಿದ್ದರು. ಇಷ್ಟಾದರೂ ಅರ್ಧ ಶತಮಾನದ ಕಾಲ ವೈದ್ಯರ ಕೈಯಲ್ಲಿ ಅದಕ್ಕಿಂತ ಮೇಲಾದುದು ಇರಲಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಗಿಡದ ಮಾತು ಬರಬೇಕು. ಸರ್ಪಗಂಧಿಯ ಬೇರನ್ನು ಭಾರತದ ವೈದ್ಯರು ಬಹು ಕಾಲದಿಂದ ಬಲ್ಲರು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಆ ಬೇರು ರಕ್ತದ ಒತ್ತಡವನ್ನು ಇಳಿಸುವುದನ್ನೂ ಕೆರಳಿದ ಮನೋರೋಗಿಗಳನ್ನು ಶಾಂತಗೊಳಿಸುವುದನ್ನೂ 1931ರಲ್ಲಿ ಲೇಖನವೊಂದರಲ್ಲಿ ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತಂ ಜಾಲ್ ವಕೀಲ್ ಅವರು 1949ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಕಣ್ಣು ಅದರತ್ತ ಹೊರಳಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1952ರಲ್ಲಿ ಆ ಬೇರಿನ ಸತ್ವವಾದ ರಿಸರ್ಪಿನ್ ಬೇರ್ಪಟ್ಟಿತು. ಮನಸ್ಸನ್ನು ನಿದ್ದೆಗೆ ಕೆಡಹದೆಯೇ ಶಾಂತಗೊಳಿಸಬಹುದೆಂಬ ಆಸೆಯನ್ನು ಹುಟ್ಟಿಸಿದ ಮೊದಲ ವಸ್ತುಗಳಲ್ಲಿ ಅದೂ ಒಂದು. ಆದರೆ ಅದನ್ನು ಸೇವಿಸಿದ ಕೆಲವರಿಗೆ ಆಳವಾದ ಖಿನ್ನತೆ ಕವಿದದ್ದು ಕಂಡುಬಂದು, ಮನೋವೈದ್ಯರು ಕ್ರಮೇಣ ಅದರಿಂದ ದೂರ ಸರಿದರು.

ಇದೇ ಕಾಲದಲ್ಲಿ ಬೇರೊಂದು ಕಡೆ, ಬೇರಾವುದೋ ಕೆಲಸದ ನಡುವೆ, ಒಂದು ಸಂಗತಿ ನಡೆಯಿತು. ಫ್ರಾಂಕ್ ಬರ್ಗರ್ ಎಂಬ ವೈದ್ಯರು ನಾಜಿಗಳ ಕಾಟಕ್ಕೆ ಅಂಜಿ 1938ರಲ್ಲಿ ಚೆಕೊಸ್ಲೊವಾಕಿಯವನ್ನು ಬಿಟ್ಟು ಇಂಗ್ಲೆಂಡಿಗೆ ಬಂದವರು. ಯುದ್ಧ ಮುಗಿಯುವ ಸಮಯದಲ್ಲಿ ಅವರಿಗೆ ಒಪ್ಪಿಸಿದ್ದ ಕೆಲಸ ಪೆನಿಸಿಲಿನ್ ಕೆಡದಂತೆ ಕಾಪಾಡುವ ವಸ್ತುವನ್ನು ಹುಡುಕುವುದು. ಹಾಗೆ ತಯಾರಿಸಿದ ಮೆಫೆನೆಸಿನ್ ಎಂಬ ವಸ್ತುವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಮೈ ಸಡಿಲವಾಗಿ ಒರಗಿದವು. ಕಣ್ಣು ತೆರೆದೇ ಇತ್ತು, ಉಸಿರಾಟ ನೆಟ್ಟಗಿತ್ತು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಎಂದಿನಂತೆ ಓಡಾಡಿದವು. ಪೆನಿಸಿಲಿನ್ನಿನ ಕೆಲಸಕ್ಕೆ ಇದರಿಂದೇನೂ ಪ್ರಯೋಜನವಿರಲಿಲ್ಲ. ಇನ್ನೊಬ್ಬರಾಗಿದ್ದರೆ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟು ಮುಂದಿನ ವಸ್ತುವಿಗೆ ಕೈಹಾಕುತ್ತಿದ್ದರು. ಬರ್ಗರ್ ಹಾಗೆ ಮಾಡಲಿಲ್ಲ. 1946ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಶಾಂತ ಸ್ಥಿತಿಯನ್ನು ವಿವರಿಸಿದರು. ಮುಂದೆ ಅವರು ಅಮೆರಿಕಕ್ಕೆ ಹೋದರು. ಅಲ್ಲಿ 1950ರಲ್ಲಿ ಬರ್ನಾರ್ಡ್ ಲುಡ್ವಿಗ್ ಎಂಬ ರಸಾಯನ ವಿಜ್ಞಾನಿಯ ನೆರವಿನಿಂದ ಹೆಚ್ಚು ಹೊತ್ತು ಕೆಲಸಮಾಡುವ ಮೆಪ್ರೊಬಮೇಟ್ ಸಿದ್ಧವಾಯಿತು. ನ್ಯೂಜೆರ್ಸಿ ಪ್ರಾಂತದ ಒಂದು ಸಣ್ಣ ಊರಿನ ಹೆಸರನ್ನೇ ಹೊತ್ತು ಅದು 1955ರಲ್ಲಿ ಮಿಲ್‌ಟೌನ್ ಎಂಬ ಗುಳಿಗೆಯಾಗಿ ಅಂಗಡಿಗೆ ಬಂದಿತು.

ಬರ್ಗರ್ ಅದರ ಗುಣವನ್ನು ತೋರಿಸಲು ಕೋತಿಗಳ ಒಂದು ಚಲನಚಿತ್ರವನ್ನು ತೆಗೆಸಿದ್ದರು. ಔಷಧಿಯಿಲ್ಲದ ಕೋತಿ ಹಲ್ಲು ಕಿರಿದು ಮೇಲೆ ಬೀಳುವಂತಿತ್ತು. ಬಾರ್ಬಿಟುರೇಟ್ ಕೊಟ್ಟ ಕೋತಿ ಪ್ರಜ್ಞೆಯಿಲ್ಲದೆ ಬಿದ್ದಿತ್ತು. ಮೆಪ್ರೊಬಮೇಟ್ ಕೊಟ್ಟದ್ದು ಎಚ್ಚರವಾಗಿದ್ದು ಸುಮ್ಮನೆ ಕುಳಿತಿತ್ತು. ಚಿಂತೆಯನ್ನೂ ಎಚ್ಚರವನ್ನೂ ಬೇರ್ಪಡಿಸಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿರಲಿಲ್ಲ. ಔಷಧದ ಅಂಗಡಿಗಳವರು ಸರಕು ಮುಗಿದಿದೆಯೆಂದು ಬಾಗಿಲಿಗೆ ಚೀಟಿ ಅಂಟಿಸುವಷ್ಟು ಬೇಡಿಕೆ ಬಂದಿತು. ಆದರೆ ಕೆಲವು ವರ್ಷಗಳಲ್ಲಿಯೇ ಇದಕ್ಕೂ ಜನ ಅಂಟಿಕೊಳ್ಳುತ್ತಾರೆ, ಹೆಚ್ಚಾದರೆ ಇದೂ ಕೊಲ್ಲಬಲ್ಲದು ಎಂಬುದು ತಿಳಿದುಬಂದಿತು.

ಮಿಲ್‌ಟೌನಿನ ವ್ಯಾಪಾರವನ್ನು ಕಂಡು ಉಳಿದ ಕಂಪನಿಗಳು ಸುಮ್ಮನಿರುವುದುಂಟೆ? ಅವುಗಳಲ್ಲಿ ಒಂದು, ಸ್ವಿಟ್ಜರ್ಲೆಂಡಿನ ಮೂಲದ ಹಾಫ್‌ಮನ್-ಲಾ ರೋಶ್. ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ಅದರ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿಯಿದ್ದರು. ಇವರು 1908ರಲ್ಲಿ ಏಡ್ರಿಯಾಟಿಕ್ ಕಡಲತೀರದ ಅಬ್ಬಾಜಿಯ ಎಂಬ ಊರಿನಲ್ಲಿ ಹುಟ್ಟಿದರು. ಆ ಊರು ಈಗ ಒಪಾಟಿಯ ಎಂಬ ಹೆಸರಿನಿಂದ ಕ್ರೊಯೇಷಿಯ ದೇಶಕ್ಕೆ ಸೇರಿದೆ. ತಂದೆ ಔಷಧದ ಅಂಗಡಿಯನ್ನು ಇಟ್ಟಿದ್ದರು. ಪೋಲೆಂಡಿನ ಕ್ರಾಕೊವ್ ವಿಶ್ವವಿದ್ಯಾಲಯದಲ್ಲಿ ಓದಿ, ಯೆಹೂದ್ಯರಾದುದರಿಂದ ಅಲ್ಲಿ ಏಳಿಗೆಗೆ ದಾರಿಯಿಲ್ಲವೆಂದು ತಿಳಿದು ವಿಯೆನ್ನಾಕ್ಕೂ ಅಲ್ಲಿಂದ ಜ್ಯೂರಿಕ್ಕಿಗೂ ಹೋದರು. ಯುದ್ಧದ ನಡುವೆ, 1941ರಲ್ಲಿ, ಕಂಪನಿಯು ಅವರನ್ನು ಅಮೆರಿಕಕ್ಕೆ ಕಳುಹಿಸಿತು.

ಮಿಲ್‌ಟೌನನ್ನು ತುಸು ಮಾರ್ಪಡಿಸಿ, ಬೇರೆ ಕಂಪನಿಯ ಹಕ್ಕಿಗೆ ತಗುಲದಂತಹ ಔಷಧಿಯೊಂದನ್ನು ಮಾಡಿಕೊಡಬೇಕೆಂಬುದು ಅವರಿಗೆ ಬಂದ ಅಪ್ಪಣೆ. ಸ್ಟರ್ನ್‌ಬಾಕ್‌ಗೆ ಆ ನಕಲಿನ ಕೆಲಸ ರುಚಿಸಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಕ್ರಾಕೊವ್‌ನಲ್ಲಿ ಬಣ್ಣಗಳಿಗಾಗಿ ತಯಾರಿಸಿದ್ದ ಕೆಲವು ಸಂಯುಕ್ತಗಳು ಅವರ ನೆನಪಿಗೆ ಬಂದವು. ಅವು ಬಣ್ಣವಾಗಿ ಕೆಲಸಕ್ಕೆ ಬಂದಿರಲಿಲ್ಲ. ಆದರೆ ಅವುಗಳನ್ನು ಸುಲಭವಾಗಿ ಬದಲಾಯಿಸಬಹುದಾಗಿತ್ತು, ಬೇರಾರೂ ಅವನ್ನು ಮುಟ್ಟಿರಲಿಲ್ಲ. ಕೆಲಸಕ್ಕೆ ತೊಡಗಿದ ಮೇಲೆ ಒಂದು ಮುಜುಗರದ ಸಂಗತಿ ಹೊರಬಿದ್ದಿತು. ಅವುಗಳ ಅಣುವಿನಲ್ಲಿ ಏಳು ಪರಮಾಣುಗಳ ಉಂಗುರವಿದೆಯೆಂದು ಅದುವರೆಗೆ ನಂಬಿದ್ದುದು ತಪ್ಪಾಗಿ, ಅದು ಆರು ಪರಮಾಣುಗಳ ಉಂಗುರವೆಂದು ತಿಳಿಯಿತು. ಆದರೂ ಅವರು ಬಿಡಲಿಲ್ಲ. ಸುಮಾರು ನಲವತ್ತು ಹೊಸ ಸಂಯುಕ್ತಗಳನ್ನು ತಯಾರಿಸಿ ಪರೀಕ್ಷೆಗೆ ಕಳುಹಿಸಿದರು. ಒಂದಕ್ಕೂ ಗುಣವಿರಲಿಲ್ಲ. ಕೊನೆಯಲ್ಲಿ ತಯಾರಿಸಿದುದನ್ನು ಪರೀಕ್ಷೆಗೆ ಕಳುಹಿಸುವ ಮೊದಲೇ ಮೇಲಿನವರು ಆ ಕೆಲಸವನ್ನು ನಿಲ್ಲಿಸಿ ಬೇರೆ ಕೆಲಸಕ್ಕೆ ಹಚ್ಚಿದರು. ಬಿಳಿಯ ಹರಳುಪುಡಿಯ ಆ ಸೀಸೆ ಕೆಲಸದ ಮೇಜಿನ ಮೇಲೆ ಮೂಲೆಗುಂಪಾಗಿ ಸುಮಾರು ಎರಡು ವರ್ಷ ಕಳೆಯಿತು.

1957ರ ವಸಂತಕಾಲದಲ್ಲಿ ಪ್ರಯೋಗಾಲಯವನ್ನು ಚೊಕ್ಕಟ ಮಾಡುವ ಕೆಲಸ ನಡೆಯಿತು. ಮೇಜಿನ ಮೇಲೆ ಸೀಸೆಗಳಿಗೂ ತಟ್ಟೆಗಳಿಗೂ ಎಡೆಯೇ ಇಲ್ಲದಂತಾಗಿತ್ತು. ಸ್ಟರ್ನ್‌ಬಾಕ್‌ರ ಸಹೋದ್ಯೋಗಿ ಅರ್ಲ್ ರೀಡರ್ ಅವರಿಗೆ ಕೆಲವು ನೂರು ಮಿಲಿಗ್ರಾಂನಷ್ಟು ಆ ಪುಡಿ ಸಿಕ್ಕಿತು. ಎಸೆಯುವುದೋ ಇಡುವುದೋ ಎಂದು ಕೇಳಿದರು. ಶುದ್ಧವಾದ ಹರಳು, ಎಸೆದರೆ ಪಟ್ಟ ಶ್ರಮ ಹಾಳು. ಪರೀಕ್ಷೆಗೆ ಕಳುಹಿಸೋಣ, ಗುಣವಿಲ್ಲವೆಂದು ಬಂದರೆ ಲೇಖನವೊಂದನ್ನು ಬರೆದು ಈ ಅಧ್ಯಾಯವನ್ನು ಮುಗಿಸೋಣ ಎಂಬುದು ಸ್ಟರ್ನ್‌ಬಾಕ್‌ರ ಎಣಿಕೆ. ರೋ 5-0690 ಎಂಬ ಸಂಖ್ಯೆಯನ್ನು ಹೊತ್ತು ಪುಡಿಯು ಔಷಧ ಪರೀಕ್ಷಾ ವಿಭಾಗದ ಲೋವೆಲ್ ರ‍್ಯಾಂಡಲ್ ಅವರ ಬಳಿಗೆ ಹೋಯಿತು.

ರ‍್ಯಾಂಡಲ್ ಅವರ ಪರೀಕ್ಷೆಗಳಲ್ಲಿ ಒಂದು ಹೀಗಿತ್ತು. ತಂತಿಬಲೆಯೊಂದನ್ನು ಓರೆಯಾಗಿ ನಿಲ್ಲಿಸಿ ಅದರ ಮೇಲೆ ಇಲಿಯನ್ನು ಬಿಡುವುದು. ಸಾಮಾನ್ಯ ಇಲಿ ಮೇಲಕ್ಕೆ ಹತ್ತುತ್ತದೆ. ಈ ಪುಡಿಯನ್ನು ತಿಂದ ಇಲಿಗಳು ಕೆಳಕ್ಕೆ ಜಾರಿದವು. ಆದರೆ ಬಾರ್ಬಿಟುರೇಟ್ ತಿಂದವುಗಳಂತೆ ನಿದ್ದೆ ಹೋಗಲಿಲ್ಲ, ಮುಟ್ಟಿದರೆ ಚೆನ್ನಾಗಿಯೇ ನಡೆದಾಡಿದವು. ಬೆಕ್ಕುಗಳ ಮೈ ಸಡಿಲವಾಯಿತು, ಆಟದ ಹುರುಪು ಹೋಗಲಿಲ್ಲ. ಕೊಲ್ಲುವ ಪ್ರಮಾಣವು ಶಾಂತಗೊಳಿಸುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ದೂರದಲ್ಲಿತ್ತು. ಮಿಲ್‌ಟೌನಿಗಿಂತ ಇದು ಕೆಲವು ರೀತಿಯಲ್ಲಿ ಮೇಲೆಂದು ಜುಲೈ ತಿಂಗಳಲ್ಲಿ ವರದಿ ಬಂದಿತು. ಸ್ಟರ್ನ್‌ಬಾಕ್ ಪುನಃ ಅದರ ರಚನೆಯನ್ನು ಪರಿಶೀಲಿಸಿದಾಗ ಇನ್ನೊಂದು ಬೆರಗು ಕಾದಿತ್ತು. ಉಳಿದವಕ್ಕೆ ಸೇರಿಸಿದ್ದ ವಸ್ತುಗಳ ಬದಲಿಗೆ ಇದೊಂದಕ್ಕೆ ಮೀಥೈಲಮೀನ್ ಎಂಬುದನ್ನು ಸೇರಿಸಿದ್ದರು. ಅದು ನಿರೀಕ್ಷಿಸಿದಂತೆ ಬದಿಗೆ ಅಂಟಿಕೊಂಡು ಸುಮ್ಮನಿರದೆ, ಆರರ ಉಂಗುರವನ್ನು ಒಡೆದು ಏಳರ ಉಂಗುರವನ್ನಾಗಿ ಹಿಗ್ಗಿಸಿತ್ತು! ಯೌವನದಲ್ಲಿ ತಪ್ಪಾಗಿ ಊಹಿಸಿದ್ದ ಏಳರ ಉಂಗುರ ಬೇರೊಂದು ರೂಪದಲ್ಲಿ ತಾನಾಗಿ ಬಂದು ಕುಳಿತಿತ್ತು. ಬೆಂಜೊಡಯಜೆಪಿನ್ ಎಂಬ ಔಷಧ ಕುಲದ ಹುಟ್ಟು ಇದು.

ಈ ಕುಲದ ಮೊದಲ ಗುಳಿಗೆಯಾದ ಲಿಬ್ರಿಯಂ 1960ರಲ್ಲಿಯೂ, ಅದಕ್ಕಿಂತ ಶಕ್ತಿಯುತವಾದ ವೇಲಿಯಂ 1963ರಲ್ಲಿಯೂ ಹೊರಬಂದವು. ಸ್ಟರ್ನ್‌ಬಾಕ್ ಹೊಸ ವಸ್ತುಗಳನ್ನು ತಾವೇ ತಿಂದು ನೋಡುವ ಸ್ವಭಾವದವರು. ಇಂದಿನ ನಿಯಮಗಳು ಅದಕ್ಕೆ ಎಡೆಕೊಡುವುದಿಲ್ಲ, ಅನುಕರಿಸತಕ್ಕ ಗುಣವೂ ಅದಲ್ಲ. 1969ರಿಂದ 1982ರವರೆಗೆ ಅಮೆರಿಕದಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ಔಷಧಿ ವೇಲಿಯಂ. 1978ರೊಂದರಲ್ಲಿಯೇ ಸುಮಾರು 230 ಕೋಟಿ ಗುಳಿಗೆಗಳು ಖರ್ಚಾದವು. ಬಾರ್ಬಿಟುರೇಟ್‌ನಿಂದ ಸಾಯುತ್ತಿದ್ದವರನ್ನು ನೆನೆದರೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. ಲಿಬ್ರಿಯಂ ಅಂಗಡಿಗೆ ಬಂದ ಮರುವರ್ಷವೇ, 1961ರಲ್ಲಿ, ಲಿಯೊ ಹಾಲಿಸ್ಟರ್ ಎಂಬ ಅಮೆರಿಕದ ವೈದ್ಯರು ಒಂದು ವರದಿಯನ್ನು ಪ್ರಕಟಿಸಿದರು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಂ ಸೇವಿಸಿದವರಿಗೆ ಅದನ್ನು ಥಟ್ಟನೆ ನಿಲ್ಲಿಸಿದಾಗ ತಳಮಳ, ನಿದ್ರಾನಾಶ, ಕೆಲವರಿಗೆ ಸೆಳೆತ ಸಹ ಬಂದಿದ್ದಿತು. ಪ್ರಮಾಣ ದೊಡ್ಡದಾಗಿದ್ದರಿಂದ ಹೀಗಾಯಿತೆಂದು ಹೆಚ್ಚಿನವರು ಸಮಾಧಾನ ಹೇಳಿಕೊಂಡರು. ವೈದ್ಯರು ಬರೆದುಕೊಟ್ಟ ಸಾಧಾರಣ ಪ್ರಮಾಣವೂ ದೀರ್ಘಕಾಲ ನಡೆದರೆ ಸಾಕು, ಬಿಡುವುದು ಕಷ್ಟವಾಗುತ್ತದೆ ಎಂಬುದನ್ನು ಲಂಡನ್ನಿನ ಮಾಲ್ಕಂ ಲೇಡರ್ ಮೊದಲಾದವರು ಸ್ಪಷ್ಟಪಡಿಸುವ ಹೊತ್ತಿಗೆ ಇಪ್ಪತ್ತು ವರ್ಷಗಳು ಕಳೆದಿದ್ದವು. ಚಿಂತೆಗೆಂದು ತೆಗೆದುಕೊಂಡ ಗುಳಿಗೆಯನ್ನು ಬಿಟ್ಟಾಗ ಬರುವುದೂ ಚಿಂತೆಯೇ. ರೋಗಿಯು ಅದನ್ನು ಹಳೆಯ ಬೇನೆಯೆಂದೇ ತಿಳಿದು ಮತ್ತೆ ಗುಳಿಗೆಗೆ ಕೈಚಾಚುತ್ತಾನೆ. ಈ ಬಲೆಯನ್ನು ಗುರುತಿಸುವುದು ವೈದ್ಯರಿಗೂ ಸುಲಭವಾಗಿರಲಿಲ್ಲ. ಎರಡರಿಂದ ನಾಲ್ಕು ವಾರಗಳಿಗೆ ಮೀರಿ ಇದನ್ನು ಕೊಡಬಾರದೆಂದು 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ವೈದ್ಯರಿಗೆ ತಿಳಿಸಿತು. ಹಗಲಿನ ಜೋಂಪು, ಮರೆವು, ಮುದುಕರು ಕಾಲುಜಾರಿ ಬೀಳುವುದು ಇವು ಬೇರೆ. ಹೆಂಡದೊಡನೆಯೋ ಅಫೀಮಿನ ಕುಲದ ನೋವಿನ ಔಷಧಿಗಳೊಡನೆಯೋ ಸೇರಿದರೆ ಉಸಿರೇ ನಿಲ್ಲಬಹುದು.

ಗುಳಿಗೆಯು ಮಿದುಳಿನಲ್ಲಿ ಏನು ಮಾಡುತ್ತದೆಂಬುದು ಅದು ಕೋಟಿಗಟ್ಟಲೆ ಮಾರಾಟವಾದ ಮೇಲೆ ತಿಳಿದದ್ದು ವಿಚಿತ್ರವಾದರೂ ನಿಜ. ಮಿದುಳಿನ ನರಕೋಶಗಳನ್ನು ಶಾಂತವಾಗಿಡುವ ಗ್ಯಾಬಾ ಎಂಬ ವಸ್ತುವೊಂದುಂಟು. ಅದು ಮಿದುಳಿನಲ್ಲಿರುವುದು 1950ರಲ್ಲಿ ಕಂಡುಬಂದಿತು. ಕೋಶದ ಹೊರಗೋಡೆಯಲ್ಲಿ ಸಣ್ಣ ತೂಬುಗಳಿವೆ. ನೀರುಗಂಟಿಯು ಕೆರೆಯ ತೂಬನ್ನು ಎತ್ತುವಂತೆ ಗ್ಯಾಬಾ ಈ ತೂಬುಗಳನ್ನು ತೆರೆಯುತ್ತದೆ. ಆಗ ಋಣ ವಿದ್ಯುತ್ತನ್ನು ಹೊತ್ತ ಕ್ಲೋರೈಡ್ ಕಣಗಳು ಒಳನುಗ್ಗಿ ಕೋಶದ ಉದ್ರೇಕವನ್ನು ಇಳಿಸುತ್ತವೆ. ಬೆಂಜೊಡಯಜೆಪಿನ್ ತಾನಾಗಿ ತೂಬನ್ನು ಮುಟ್ಟುವುದಿಲ್ಲ. ನೀರುಗಂಟಿಯ ಕೈಗೆ ಚುರುಕು ತಂದು ಮೇಲಿಂದ ಮೇಲೆ ತೆರೆಯುವಂತೆ ಮಾಡುತ್ತದೆ. ಬಾರ್ಬಿಟುರೇಟಾದರೋ ಪ್ರಮಾಣ ಹೆಚ್ಚಾದಾಗ ನೀರುಗಂಟಿಯಿಲ್ಲದೆಯೇ ತೂಬನ್ನು ಕಿತ್ತು ತೆರೆದಿಡುತ್ತದೆ. ಒಂದು ಏಕೆ ಕೊಲ್ಲುತ್ತದೆ, ಇನ್ನೊಂದು ಒಂಟಿಯಾಗಿ ಏಕೆ ಸುಲಭವಾಗಿ ಕೊಲ್ಲುವುದಿಲ್ಲ ಎಂಬುದರ ಗುಟ್ಟು ಇಲ್ಲಿದೆ. ಬೆಂಜೊಡಯಜೆಪಿನ್ ಹೋಗಿ ಕೂರುವ ಜಾಗವನ್ನು 1977ರಲ್ಲಿ ಡೆನ್ಮಾರ್ಕಿನ ಸಂಶೋಧಕರೂ ಬಾಸೆಲ್ಲಿನ ಹ್ಯಾನ್ಸ್ ಮೋಲರ್ ಮತ್ತು ಅವರ ಸಂಗಡಿಗರೂ ಬೇರೆ ಬೇರೆಯಾಗಿ ಗುರುತಿಸಿದರು.

ಈ ತೂಬು ಐದು ತುಂಡುಗಳನ್ನು ಜೋಡಿಸಿ ಆದದ್ದು. ತುಂಡುಗಳಲ್ಲಿ ಹಲವು ಬಗೆಗಳಿದ್ದು, ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಜೋಡಣೆಗಳಿವೆ ಎಂಬುದು ತಿಳಿದಾಗ ಹೊಸ ಪ್ರಶ್ನೆಯೊಂದು ಎದ್ದಿತು. ನಿದ್ದೆಗೆ ಒಂದು ಬಗೆಯ ತೂಬು, ಭಯದ ಶಮನಕ್ಕೆ ಮತ್ತೊಂದು ಬಗೆಯ ತೂಬು ಇರಬಹುದೆ? ಜ್ಯೂರಿಕ್‌ನಲ್ಲಿ ಮೋಲರ್ ಮತ್ತು ಉವೆ ರುಡಾಲ್ಫ್ ಅವರ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಆಲ್ಫಾ-1 ಎಂಬ ತುಂಡಿನಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ, ವೇಲಿಯಂ ಅಲ್ಲಿ ಕೂರಲಾರದಂತೆ ಮಾಡಿದರು. ಅಂತಹ ಇಲಿಗಳಿಗೆ ವೇಲಿಯಂ ಕೊಟ್ಟಾಗ ಜೋಂಪು ಹತ್ತಲಿಲ್ಲ. ಆದರೆ ಸಾಮಾನ್ಯವಾಗಿ ಇಲಿಗಳು ಅಂಜುವ ಬೆಳಕಿನ ಬಯಲಿಗೆ ಅವು ನಿರ್ಭಯವಾಗಿ ಬಂದವು. ಇದು 1999ರ ಮಾತು. ಮರುವರ್ಷ ಆಲ್ಫಾ-2 ಎಂಬ ತುಂಡನ್ನು ಬದಲಿಸಿದ ಇಲಿಗಳಲ್ಲಿ ಇದಕ್ಕೆ ತಿರುಗುಮುರುಗಾದುದು ಕಂಡಿತು: ಜೋಂಪು ಹತ್ತಿತು, ಅಂಜಿಕೆ ಹೋಗಲಿಲ್ಲ. ಕಳೆ ಬೇರೆ, ಪೈರು ಬೇರೆ ಎಂಬುದು ಕಡೆಗೂ ಕಣ್ಣಿಗೆ ಬಿದ್ದಿತು.

ಹಾಗಾದರೆ ಆಲ್ಫಾ-1ನ್ನು ಕೆಣಕದೆ, ಉಳಿದುದನ್ನು ಮಾತ್ರ ಪ್ರಚೋದಿಸುವ ಔಷಧಿಯನ್ನು ತಯಾರಿಸಿದರೆ ಮುಗಿಯಿತಲ್ಲವೆ ಎನ್ನಬಹುದು. ಮರ್ಕ್ ಕಂಪನಿಯ ವಿಜ್ಞಾನಿಗಳು ಅದನ್ನೇ ಮಾಡಿದರು. ಅವರ ಎಂಆರ್‌ಕೆ-409 ಎಂಬ ವಸ್ತು ಪ್ರಾಣಿಗಳಲ್ಲಿ ಜೋಂಪು ತರದೆ ಆತಂಕವನ್ನು ಕಳೆಯಿತು. ಮನುಷ್ಯರಿಗೆ ಕೊಟ್ಟಾಗ ಅತಿ ಸಣ್ಣ ಪ್ರಮಾಣದಲ್ಲಿಯೇ ತೂಕಡಿಕೆ ಬಂದಿತು. ಟಿಪಿಎ-023 ಎಂಬ ಇನ್ನೊಂದು ವಸ್ತು ಮನುಷ್ಯರಲ್ಲಿಯೂ ಭರವಸೆ ಮೂಡಿಸಿತು. ಅಷ್ಟರಲ್ಲಿ ಅದನ್ನು ದೀರ್ಘಕಾಲ ಸೇವಿಸಿದ ಪ್ರಾಣಿಗಳ ಕಣ್ಣಿಗೆ ಪೊರೆ ಬಂದದ್ದು ಕಂಡು ಆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಅದೇ ಜಾಡಿನಲ್ಲಿ ಬೇರೆ ವಸ್ತುಗಳ ಪರೀಕ್ಷೆ ಮುಂದುವರಿದಿದೆ.

ಬೇರೆ ದಾರಿಯಿಂದ ಬಂದವೂ ಇವೆ. 1986ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬುಸ್ಪಿರೋನ್ ಗ್ಯಾಬಾದ ತೂಬಿನ ಗೊಡವೆಗೇ ಹೋಗದೆ ಸಿರೊಟೋನಿನ್ ಎಂಬ ಇನ್ನೊಂದು ವಸ್ತುವಿನ ಮೂಲಕ ಕೆಲಸಮಾಡುತ್ತದೆ. ಅದು ಜೋಂಪು ತರುವುದು ಕಡಿಮೆ, ಜನ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಆದರೆ ಗುಣ ಕಾಣಲು ಎರಡು ಮೂರು ವಾರ ಬೇಕು. ವೇಲಿಯಂನ ತತ್‌ಕ್ಷಣದ ನೆಮ್ಮದಿಗೆ ಒಗ್ಗಿದವರಿಗೆ ಅದು ಸಪ್ಪೆಯೆನಿಸಿತು. ಖಿನ್ನತೆಗೆಂದು ಹುಟ್ಟಿ ಸಿರೊಟೋನಿನ್ನಿನ ಮೇಲೆಯೇ ಕೆಲಸಮಾಡುವ ಔಷಧಿಗಳನ್ನು ಇಂದು ದೀರ್ಘಕಾಲದ ಆತಂಕಕ್ಕೆ ವೈದ್ಯರು ಮೊದಲು ಆರಿಸಿಕೊಳ್ಳುತ್ತಾರೆ. ಅವುಗಳಿಗೂ ಓಕರಿಕೆ, ನಿದ್ದೆಯ ಏರುಪೇರು ಮೊದಲಾದ ಕಾಟಗಳು ತಪ್ಪಿದ್ದಲ್ಲ. ಮೊದಲ ಕೆಲವು ದಿನಗಳಲ್ಲಿ ತಳಮಳ ಹೆಚ್ಚುವುದೂ ಉಂಟು. ಗುಳಿಗೆಯ ಜೊತೆಗೆ, ಕೆಲವೊಮ್ಮೆ ಗುಳಿಗೆಯಿಲ್ಲದೆಯೇ, ಭಯದ ಕಾರಣವನ್ನು ಮಾತಿನಿಂದ ಬಿಡಿಸಿ ಅಭ್ಯಾಸದಿಂದ ತಿದ್ದುವ ಮನಶ್ಚಿಕಿತ್ಸೆಯೂ ಫಲ ಕೊಡುತ್ತದೆ.

ಸ್ಟರ್ನ್‌ಬಾಕ್ 2005ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗುಳಿಗೆಗಳು ಕಣ್ಮರೆಯಾಗಿಲ್ಲ. ಸೆಳೆತವನ್ನು ತಡೆಯಲು, ಕುಡಿತ ಬಿಟ್ಟವರ ನಡುಕವನ್ನು ಇಳಿಸಲು, ಶಸ್ತ್ರಚಿಕಿತ್ಸೆಗೆ ಮುಂಚಿನ ಅಂಜಿಕೆಯನ್ನು ಕಳೆಯಲು ಅವು ಇಂದಿಗೂ ಬೇಕು. ದುರುಪಯೋಗ, ಅವಲಂಬನೆ, ಬಿಡುವಾಗಿನ ಬಾಧೆ ಇವುಗಳ ಎಚ್ಚರಿಕೆಯನ್ನು ಈ ಕುಲದ ಎಲ್ಲ ಔಷಧಿಗಳ ವಿವರಪತ್ರದಲ್ಲಿಯೂ ಚೌಕಟ್ಟು ಕಟ್ಟಿ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಆಜ್ಞೆ ಮಾಡಿದರು. ಬಹುಕಾಲ ಸೇವಿಸಿದವರು ಅದನ್ನು ತಾವಾಗಿ ನಿಲ್ಲಿಸಕೂಡದು. ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಚೂರು ಚೂರಾಗಿ ಪ್ರಮಾಣವನ್ನು ಇಳಿಸುತ್ತಾರೆ. ಲಿಬ್ರಿಯಂ ಮತ್ತು ವೇಲಿಯಂಗಳಲ್ಲಿರುವ ಔಷಧಿಗಳು ಭಾರತದಲ್ಲಿ 2014ರಿಂದ ಹೆಚ್-1 ಎಂಬ ವಿಶೇಷ ಪಟ್ಟಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಕೊಂಡ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು, ಕೊಟ್ಟ ಗುಳಿಗೆಗಳ ಲೆಕ್ಕ ಇವನ್ನು ಅಂಗಡಿಯವನು ಪ್ರತ್ಯೇಕವಾದ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಕಾದಿಡಬೇಕು.